ಒಣಗುವುದೂ ಅಂಟುವುದೂ

ದೋಣಿಯ ನೆಲ ಮರದ್ದಾಗಲಿ, ಲೋಹದ್ದಾಗಲಿ, ನೀರು ಬಿದ್ದೊಡನೆ ಜಾರುತ್ತದೆ. ಹತ್ತಿ ಇಳಿಯುವವರ ಕಾಲು ಜಾರದಿರಲೆಂದು ಕೆಲವು ದೋಣಿಗಳ ನೆಲಕ್ಕೆ ಒರಟಾದ ಹಾಸನ್ನು ಅಂಟಿಸುವುದುಂಟು. ಆ ಹಾಸಿನ ಅಂಚೊಂದು ಮೇಲೆದ್ದರೆ ಕಾಲು ತೊಡರಿ ಮನುಷ್ಯ ನೀರಿಗೆ ಬೀಳಬಹುದು. ಆದುದರಿಂದ ಸಣ್ಣದಾಗಿ ತೋರುವ ಈ ಕೆಲಸ ಪ್ರಾಣರಕ್ಷಣೆಯ ಕೆಲಸವೂ ಹೌದು.

ಬೆಂಗಳೂರಿನ ಪೂರ್ವಭಾಗದ ಮಹದೇವಪುರದಿಂದ ಹಳೆಯ ಮದರಾಸು ರಸ್ತೆಯನ್ನು ಹಿಡಿದು ನಗರದ ಕಡೆಗೆ ಬಂದರೆ, ದೋಣಿವಿಹಾರಕ್ಕೆ ಹೆಸರಾದ ಹಲಸೂರು ಕೆರೆ ಸಿಗುತ್ತದೆ. ಬೆಂಗಳೂರು ತಂಪಿನ ಊರೆಂಬ ಮಾತುಂಟು. ಆದರೆ 2016ರ ಏಪ್ರಿಲ್ ತಿಂಗಳಲ್ಲಿ ಇಲ್ಲಿ 39.2 ಡಿಗ್ರಿ ಸೆಲ್ಸಿಯಸ್ ಉಷ್ಣತೆ ದಾಖಲಾಯಿತು. ಇದು ನೆರಳಿನಲ್ಲಿ ಅಳೆದ ಗಾಳಿಯ ಉಷ್ಣತೆ. ಅಂತಹ ಬಿಸಿಲಿಗೊಡ್ಡಿದ ಲೋಹದ ನೆಲವಾದರೋ ಕೈಯಿಡಲಾಗದಷ್ಟು ಕಾಯುತ್ತದೆ. ಅಂಟನ್ನು ಬಳಿಯಬೇಕಾದುದು ಆ ನೆಲದ ಮೇಲೆ.

ಬಿಸಿಲಿದ್ದರೆ ಅಂಟು ಬೇಗ ಒಣಗುತ್ತದೆ, ಕೆಲಸ ಸುಲಭವಾಗುತ್ತದೆ ಎಂದು ನಾವು ಭಾವಿಸುತ್ತೇವೆ. ಆದರೆ ಒಣಗುವುದು ಬೇರೆ, ಅಂಟುವುದು ಬೇರೆ. ಇಂತಹ ಕೆಲಸಕ್ಕೆ ಬಳಸುವ ಅಂಟುಗಳಲ್ಲಿ ಹಲವು, ರಬ್ಬರಿನಂತಹ ವಸ್ತುವನ್ನು ಬೇಗ ಆವಿಯಾಗುವ ದ್ರಾವಕದಲ್ಲಿ ಕರಗಿಸಿ ಮಾಡಿದವು. ಅಂಟು ದ್ರವವಾಗಿರುವಾಗ ನೆಲದ ಸೂಕ್ಷ್ಮ ತಗ್ಗುಗಳಿಗೂ ಹಾಸಿನ ಎಳೆಗಳಿಗೂ ಹರಿದು ಸೇರಬೇಕು. ಅನಂತರ ದ್ರಾವಕ ಆವಿಯಾಗಿ ರಬ್ಬರು ಗಟ್ಟಿಯಾಗಬೇಕು. ಈ ಎರಡರ ನಡುವಿನ ಅವಧಿಯೇ ಕೆಲಸಗಾರನಿಗೆ ದೊರೆಯುವ ಅವಕಾಶ.

ಬಿಸಿಲು ಈ ಅವಧಿಯನ್ನು ಕಿರಿದುಗೊಳಿಸುತ್ತದೆ. ಕಾಯಿಸಿದ ಹಾಲಿನ ಮೇಲೆ ಕೆನೆ ಕಟ್ಟುವಂತೆ ಅಂಟಿನ ಮೇಲೆ ಪೊರೆ ಕಟ್ಟುತ್ತದೆ. ಒಳಗೆ ಅದು ಇನ್ನೂ ಹಸಿಯಾಗಿಯೇ ಇರುತ್ತದೆ. ಆಗ ಹಾಸನ್ನು ಒತ್ತಿದರೆ ಅದು ಪೊರೆಯ ಮೇಲೆ ಕೂರುತ್ತದೆಯೇ ಹೊರತು ಹಿಡಿಯುವುದಿಲ್ಲ. ಒಳಗೆ ಸಿಕ್ಕಿಬಿದ್ದ ಆವಿ ಹಿಗ್ಗಿ ಹಾಸನ್ನು ಗುಳ್ಳೆಗುಳ್ಳೆಯಾಗಿ ಎಬ್ಬಿಸುತ್ತದೆ.

ಇದಕ್ಕೆ ಪರಿಹಾರ ಕಠಿಣವಾದುದಲ್ಲ. ದೋಣಿಯನ್ನು ನೆರಳಿಗೆ ತಂದು, ಮುಂಜಾನೆಯ ತಂಪಿನಲ್ಲಿ ಕೆಲಸವನ್ನು ತೊಡಗಬೇಕು. ಹಳೆಯ ಅಂಟನ್ನು ಕೆರೆದು, ನೆಲವನ್ನು ತೊಳೆದು, ಪೂರ್ಣವಾಗಿ ಒಣಗಿಸಬೇಕು. ಹಾಸನ್ನು ಮೊದಲೇ ಅಳತೆಗೆ ಕತ್ತರಿಸಿ, ಹರಡಿ ನೋಡಿ, ಅರ್ಧವನ್ನು ಮಡಿಚಿಡಬೇಕು. ಬಳಿಕ ಹಲ್ಲುಳ್ಳ ಕರಣಿಯಿಂದ, ಕೆಲವೇ ನಿಮಿಷಗಳಲ್ಲಿ ಮುಚ್ಚಬಹುದಾದಷ್ಟು ಜಾಗಕ್ಕೆ ಮಾತ್ರ ಅಂಟನ್ನು ಬಳಿಯಬೇಕು. ಹಾಸನ್ನು ನಡುವಿನಿಂದ ಅಂಚಿನ ಕಡೆಗೆ ಒತ್ತುತ್ತ ಹೋದರೆ ಗಾಳಿ ಹೊರಬೀಳುತ್ತದೆ. ಅಂಟು ಪೂರ್ತಿ ಬಲಿಯುವವರೆಗೆ ದೋಣಿಯನ್ನು ನೀರಿಗಿಳಿಸಬಾರದು.

ಇನ್ನೊಂದು ಎಚ್ಚರಿಕೆ ಇದೆ. ಇಂತಹ ಅಂಟುಗಳಲ್ಲಿ ಸಾಮಾನ್ಯವಾಗಿ ಬಳಸುವ ಟಾಲ್ಯೂಯಿನ್ ಎಂಬ ದ್ರಾವಕದ ಆವಿ ಗಾಳಿಗಿಂತ ಭಾರವಾದುದು. ಪಾತ್ರೆಯಲ್ಲಿ ನೀರು ನಿಲ್ಲುವಂತೆ ಅದು ದೋಣಿಯ ತಳದಲ್ಲಿ ನಿಲ್ಲುತ್ತದೆ. ಅದನ್ನು ಉಸಿರಾಡಿದವನಿಗೆ ತಲೆ ಸುತ್ತುತ್ತದೆ. ಬೀಡಿಯ ಒಂದು ಕಿಡಿ ತಾಗಿದರೂ ಬೆಂಕಿ ಹೊತ್ತಬಹುದು. ಬಿಸಿಲು ಹೆಚ್ಚಿದಷ್ಟೂ ಆವಿ ಹೆಚ್ಚುತ್ತದೆ. ಆದುದರಿಂದ ಗಾಳಿಯಾಡುವ ಬಯಲಿನಲ್ಲಿಯೇ ಕೆಲಸ ನಡೆಯಬೇಕು, ಬೆಂಕಿ ಹತ್ತಿರ ಸುಳಿಯಬಾರದು, ಡಬ್ಬಿಯ ಮುಚ್ಚಳ ಸದಾ ಬಿಗಿಯಾಗಿರಬೇಕು.

ಮುಗಿದ ಕೆಲಸದಲ್ಲಿ ಅಂಟು ಯಾರ ಕಣ್ಣಿಗೂ ಬೀಳುವುದಿಲ್ಲ. ದೋಣಿ ಹತ್ತಿದವರು ಹಾಸಿನ ಮೇಲೆ ನಂಬಿಕೆಯಿಂದ ಕಾಲಿಡುತ್ತಾರೆ. ಕಾಣದ ಕಡೆಯಲ್ಲಿ ಕೆಲಸಗಾರನು ತೋರಿದ ತಾಳ್ಮೆಯೇ ಆ ನಂಬಿಕೆಗೆ ಆಧಾರ.