ಅಕ್ಕಡಿ ಸಾಲಿನಿಂದ ಸಂತೆಗೆ

ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳು ಕರ್ನಾಟಕದ ಅತಿ ಒಣ ಸೀಮೆಗಳಲ್ಲಿ ಸೇರಿದ್ದು, ವರ್ಷಕ್ಕೆ ಸರಾಸರಿ 500 ಮಿಲಿಮೀಟರಿನ ಆಸುಪಾಸು ಮಳೆಯಾಗುವ ಕುದಾಪುರದಂಥ ಊರುಗಳಲ್ಲಿ ಬೇಸಾಯವು ಮಳೆ ಕೈಕೊಡುವುದನ್ನು ಲೆಕ್ಕಕ್ಕೆ ಹಿಡಿದೇ ನಡೆದುಬಂದಿದೆ. ಶೇಂಗಾದ ನಡುವೆ ತೊಗರಿ, ಅಲಸಂದೆ, ಅವರೆ ಬಿತ್ತಿ ಅಂಚಿಗೆ ಹರಳು ಹಾಕುವ ಅಕ್ಕಡಿ ಸಾಲು, ಅಂದರೆ ಮುಖ್ಯ ಬೆಳೆಯೊಳಗೆ ಬೇರೆ ಬೇರೆ ಅವಧಿಯ ಬೆಳೆಗಳನ್ನು ಸೇರಿಸುವ ಕ್ರಮ, ಒಂದು ಒಣಗಿದರೂ ಇನ್ನೊಂದು ಉಳಿಯಲೆಂದು ರೂಪುಗೊಂಡದ್ದು. ಇದಕ್ಕೆ ಬೇಕಾದ ಬೀಜವನ್ನು ಆರಿಸಿ, ಬೂದಿ ಬೆರೆಸಿ, ಬೇವಿನ ಸೊಪ್ಪಿನೊಡನೆ ಹುಳು ಹಿಡಿಯದಂತೆ ಕಾಯುವ ವಿದ್ಯೆ ಬಹುಮಟ್ಟಿಗೆ ಹೆಂಗಸರದು.

ಕೊಳವೆಬಾವಿಯ ಹಿಂದೆ ಈರುಳ್ಳಿ, ಟೊಮ್ಯಾಟೊಗಳ ಒಂಟಿ ಬೆಳೆ ಬಂದಾಗ ಬೀಜ ಅಂಗಡಿಯಿಂದ ಬಂತು, ದರ ಮಂಡಿಯಲ್ಲಿ ನಿಗದಿಯಾಯಿತು. ಹೆಂಗಸರಿಗೆ ಕಳೆ ಕೀಳುವ, ಈರುಳ್ಳಿಯ ಗರಿ ಕೊಯ್ಯುವ ಕೂಲಿ ಉಳಿಯಿತು. ಆದರೆ ಹಳೆಯ ತಿಳಿವಳಿಕೆ ತರಕಾರಿ ಮಡಿಗೂ ಸಲ್ಲುತ್ತದೆ. ಟೊಮ್ಯಾಟೊ ಸಾಲಿನ ನಡುವೆ ಹಾಕುವ ಚೆಂಡುಹೂ ಬೇರು ಕೊರೆಯುವ ಜಂತುಹುಳುವನ್ನು ತಗ್ಗಿಸುವುದಲ್ಲದೆ ಹಬ್ಬದಲ್ಲಿ ಮಾರಾಟಕ್ಕೂ ಒದಗುತ್ತದೆ. ತಿಂಗಳೊಳಗೆ ಕೊಯ್ಲಿಗೆ ಬರುವ ಸೊಪ್ಪು ವಾರದ ಸಂತೆಯಲ್ಲಿ ಕೈಗೆ ಕಾಸು ಕೊಡುತ್ತದೆ. ಇದು ಅಕ್ಕಡಿಯ ತರ್ಕವೇ.

ಇಂಥ ಬೇಸಾಯಕ್ಕೆ ಗೊಬ್ಬರ ಬೇಕು. ಕುರಿ ಹಿಂಡನ್ನು ರಾತ್ರಿ ಹೊಲದಲ್ಲಿ ತಂಗಿಸಿ ಹಿಕ್ಕೆಯನ್ನು ನೆಲಕ್ಕೆ ಸೇರಿಸುವ ಮಂದೆ ಪದ್ಧತಿಯು ಮೇವಿನ ಕಾವಲುಗಳನ್ನು ನಂಬಿತ್ತು. ಕುದಾಪುರ, ಉಳ್ಳಾರ್ತಿ ಸುತ್ತಲಿನ ಅಮೃತಮಹಲ್ ಕಾವಲಿನಲ್ಲಿ ಸುಮಾರು 10,000 ಎಕರೆ ಭಾರತೀಯ ವಿಜ್ಞಾನ ಸಂಸ್ಥೆ, ಇಸ್ರೋ, ಡಿಆರ್‌ಡಿಒ ಮೊದಲಾದವುಗಳಿಗೆ ಹೋಯಿತು. ವಿಜ್ಞಾನಕ್ಕೆ ಜಾಗ ಬೇಕು ನಿಜ, ಆದರೆ ಆ ಹುಲ್ಲುಗಾವಲನ್ನು ಪಾಳು ನೆಲವೆಂದು ಎಣಿಸಿದ್ದು ಸರಿಯಲ್ಲ.

ನೆಲ ಯಾರ ಕೈಯಲ್ಲಿದೆ ಎಂಬ ಪ್ರಶ್ನೆ ಹೊಲದೊಳಗೂ ಏಳುತ್ತದೆ. ಪಶ್ಚಿಮ ಆಫ್ರಿಕಾದ ಗ್ಯಾಂಬಿಯಾದಲ್ಲಿ 1970ರ ದಶಕದ ಬರಗಳ ನಂತರ, ಜೌಗಿನಲ್ಲಿ ಭತ್ತ ಬೆಳೆಯುತ್ತಿದ್ದ ಮಂಡಿಂಕಾ ಹೆಂಗಸರು ಬಾವಿ ತೋಡಿ, ಮಳೆಯಿಲ್ಲದ ತಿಂಗಳುಗಳಲ್ಲಿ ತರಕಾರಿ ಬೆಳೆದು ಪೇಟೆಗೆ ಒಯ್ದರು. ತೋಟ ಲಾಭಕ್ಕೆ ಬಂದ ಮೇಲೆ ಭೂಮಿಯ ಹಕ್ಕುಳ್ಳ ಗಂಡಸರು ಅದೇ ಮಡಿಗಳಲ್ಲಿ ಮಾವು, ಕಿತ್ತಳೆ ನೆಡಿಸಿದರು; ಮರ ಬೆಳೆದಂತೆ ನೆರಳಿಗೆ ತರಕಾರಿ ಸೊರಗಿತು. ಇದನ್ನು ಭೂಗೋಳತಜ್ಞ ರಿಚರ್ಡ್ ಶ್ರೋಡರ್ 1999ರ ಗ್ರಂಥದಲ್ಲಿ ದಾಖಲಿಸಿದ್ದಾರೆ. ಹೆಂಗಸರಿಗೆ ಅಲ್ಲಿ ಕೊರತೆಯಾದದ್ದು ತಿಳಿವಳಿಕೆಯಲ್ಲ, ನೆಲದ ಮೇಲಿನ ಹಕ್ಕು.

ನಮ್ಮಲ್ಲಿ ಆ ಹಕ್ಕಿಗೆ ಕಾನೂನಿನ ಬಲವಿದೆ: ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಕೊಡುವ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲಿ, ದೇಶದಾದ್ಯಂತ 2005ರಲ್ಲಿ ಜಾರಿಗೆ ಬಂದಿದೆ. ಹೊಲದಲ್ಲಿ ದುಡಿಯುವ ಹೆಣ್ಣುಮಗಳ ಹೆಸರು ಪಹಣಿಯಲ್ಲಿದೆಯೇ ಎಂಬುದನ್ನು ಪ್ರತಿಯೊಂದು ರೈತ ಕುಟುಂಬವೂ ತೆಗೆದು ನೋಡಬೇಕು.