ಅಕ್ಕಿಕಾಳು ಬಿದ್ದ ಮೇಲೇ ಆನ್‌ಲೈನ್

"ಅಕ್ಕಾರ, ಈಗ ಮದುವಿನೂ ಆನ್‌ಲೈನ್ ಆಗೇತಂತಲ್ರಿ? ಮೊಬೈಲಿನಾಗ ಮಾಡಿಕೊಂಡ್ರ ನಡೀತೈತೇನ್ರಿ?"

ಬಿಜ್ಜರಗಿಯಿಂದ ನನಗೆ ಬರುವ ಫೋನುಗಳಲ್ಲಿ ಹೊಲದ ಸರ್ವೆ, ಮನೆ ವಾಟ್ನಿ ಬಿಟ್ಟರೆ ಈಗ ಹೆಚ್ಚು ಕೇಳಿಬರುವ ಪ್ರಶ್ನೆ ಇದು. ನಾನು ಆ ಊರಿನ ಮಗಳು, ವಿಜಯಪುರದಲ್ಲಿ ವಕೀಲಿ ಮಾಡುವವಳು. ಕೇಳಿದವರಿಗೆಲ್ಲ ಒಂದೇ ಉತ್ತರ ಕೊಡುತ್ತೇನೆ: ಆನ್‌ಲೈನಿನಲ್ಲಿ ಆಗುವುದು ಲಗ್ನದ ನೋಂದಣಿ. ಲಗ್ನ ಮಾತ್ರ ಹಿರಿಯರು ಕೂತ ಹಂದರದಲ್ಲೇ ಆಗಬೇಕು.

ಈ ಗೊಂದಲ ಹುಟ್ಟಿದ್ದು 2024ರಲ್ಲಿ. ಆ ವರ್ಷ ರಾಜ್ಯ ಸರ್ಕಾರ ಹಿಂದೂ ವಿವಾಹ ನೋಂದಣಿ ನಿಯಮಗಳಿಗೆ ತಿದ್ದುಪಡಿ ತಂದು, ಕಾವೇರಿ 2.0 ತಂತ್ರಾಂಶದ ಮೂಲಕ ಮನೆಯಿಂದಲೇ ಅರ್ಜಿ ಹಾಕುವ ದಾರಿ ತೆರೆಯಿತು. ಮೊದಲ ಪ್ರಯೋಗ ಬೆಂಗಳೂರಿನ ಮಲ್ಲೇಶ್ವರದ ಉಪನೋಂದಣಿ ಕಚೇರಿಯಲ್ಲಿ ನಡೆಯಿತು. ಗಂಡ ಹೆಂಡತಿಯ ಆಧಾರ್ ದೃಢೀಕರಣ, ವಯಸ್ಸಿನ ದಾಖಲೆ, ಲಗ್ನಪತ್ರಿಕೆ, ಮದುವೆಯ ಚಿತ್ರ ಅಥವಾ ವಿಡಿಯೋ, ಸಾಕ್ಷಿದಾರರ ವಿವರ: ಇಷ್ಟನ್ನು ಸಿದ್ಧ ಇಟ್ಟುಕೊಂಡು ಕೂರಬೇಕು. ಆಧಾರ್ ಕೊಡಲು ಒಪ್ಪದವರು ಹಿಂದಿನಂತೆ ಕಚೇರಿಗೇ ಹೋಗಿ ಬರಬಹುದು. ಹೊಲದ ಕೆಲಸ ಬಿಟ್ಟು, ಸಾಕ್ಷಿದಾರರ ಬಸ್ ಚಾರ್ಜನ್ನೂ ತಾವೇ ಕೊಟ್ಟು ಪಟ್ಟಣಕ್ಕೆ ಅಲೆಯುತ್ತಿದ್ದ ನಮ್ಮ ಕಡೆಯವರಿಗೆ ಇದು ದೊಡ್ಡ ಅನುಕೂಲ. ಇದನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ.

ಆದರೆ ವಿಡಿಯೋ ಕೇಳುತ್ತಾರೆ ಎಂದರೇನು? ಮದುವೆ ಮೊದಲು ಆಗಿರಬೇಕು ಎಂದರ್ಥ. 1955ರ ಹಿಂದೂ ವಿವಾಹ ಕಾಯ್ದೆಯ 7ನೇ ಕಲಂ ಪ್ರಕಾರ ವಧು ಅಥವಾ ವರ, ಇಬ್ಬರಲ್ಲಿ ಒಬ್ಬರ ಕಡೆಯ ಸಂಪ್ರದಾಯದಂತೆ ವಿಧಿ ನಡೆದರೆ ಸಾಕು. ಸಪ್ತಪದಿ ಇರುವವರಿಗೆ ಏಳನೇ ಹೆಜ್ಜೆಗೆ ಮದುವೆ ಪೂರ್ತಿ. ಈ ಕಾಯ್ದೆ ತನ್ನ 2ನೇ ಕಲಮಿನಲ್ಲಿ ವೀರಶೈವರನ್ನೂ ಲಿಂಗಾಯತರನ್ನೂ ಹೆಸರಿಟ್ಟೇ ಸೇರಿಸಿಕೊಂಡಿದೆ. ನಮ್ಮ ಊರ ಬಹುಪಾಲು ಮದುವೆಗಳಲ್ಲಿ ಸಪ್ತಪದಿ ಇರುವುದಿಲ್ಲ. ಸುರಗಿ ನೀರು, ಬಾಸಿಂಗ, ತಾಳಿ, ಮೇಲೆ ನೆರೆದವರ ಅಕ್ಕಿಕಾಳು. ಕಾನೂನಿಗೆ ಅದೂ ಅಷ್ಟೇ ಪೂರ್ಣ ಮದುವೆ.

ಈಚೆಗೆ ಇನ್ನೊಂದು ಅವಸರ ನೋಡುತ್ತಿದ್ದೇನೆ. ಹುಡುಗ ಹೊರದೇಶದಲ್ಲಿರುತ್ತಾನೆ, ವೀಸಾಕ್ಕೆ ಪ್ರಮಾಣಪತ್ರ ಬೇಕು. ನಿಶ್ಚಿತಾರ್ಥ ಮುಗಿದೊಡನೆ "ಕಾಗದ ಮೊದಲು ಮಾಡಿಸಿಬಿಡೋಣ, ಲಗ್ನ ದೀಪಾವಳಿಗೆ ಇಟ್ಟುಕೊಳ್ಳೋಣ" ಎನ್ನುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಇಂಥದೇ ಒಂದು ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಇಬ್ಬರು ವಿಮಾನ ಚಾಲಕರು, ವಿಧಿ ನಡೆಯುವ ಮೊದಲೇ ಸಂಸ್ಥೆಯೊಂದರಿಂದ ಪತ್ರ ಪಡೆದು ನೋಂದಣಿ ಮಾಡಿಸಿದ್ದರು. 2024ರ ಏಪ್ರಿಲ್‌ನಲ್ಲಿ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಮತ್ತು ಆಗಸ್ಟಿನ್ ಜಾರ್ಜ್ ಮಸೀಹ್ ಅವರ ಪೀಠ ಅದು ಮದುವೆಯೇ ಅಲ್ಲವೆಂದು ತೀರ್ಪಿತ್ತಿತು. ವಿಧಿ ನಡೆಯದಿದ್ದರೆ ನೋಂದಣಿಗೆ ಬೆಲೆಯಿಲ್ಲ. ಆ ತೀರ್ಪನ್ನು ಹೆಣ್ಣು ಹೆತ್ತವರು ಯಾರಿಂದಲಾದರೂ ಓದಿಸಿ ಕೇಳಬೇಕು.

ಹಾಗಾದರೆ ವಿಡಿಯೋ ಕರೆಯಲ್ಲೇ ಮದುವೆ ಎಲ್ಲಿಯೂ ಆಗಿಲ್ಲವೇ? ಆಗಿದೆ, 1954ರ ವಿಶೇಷ ವಿವಾಹ ಕಾಯ್ದೆಯಡಿ. ಅಲ್ಲಿ ಪುರೋಹಿತರ ಬದಲು ವಿವಾಹಾಧಿಕಾರಿ. ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ 30 ದಿನ ವಾಸವಿರಬೇಕು, ನೋಟಿಸು ಕೊಟ್ಟು ಮತ್ತೆ 30 ದಿನ ತಕರಾರಿಗೆ ಕಾಯಬೇಕು, ಮೂವರು ಸಾಕ್ಷಿಗಳು ಬೇಕು. ಕೋವಿಡ್ ಕಾಲದಲ್ಲಿ, 2021ರಲ್ಲಿ, ಕೇರಳ ಹೈಕೋರ್ಟಿನ ವಿಭಾಗೀಯ ಪೀಠ ಮಧ್ಯಂತರ ಆದೇಶದಲ್ಲಿ ವಿಡಿಯೋ ಮೂಲಕ ಮದುವೆಗೆ ಒಪ್ಪಿತು. ಸಾಕ್ಷಿಗಳು ಮಾತ್ರ ಅಧಿಕಾರಿಯ ಎದುರಿಗೇ ಇರಬೇಕೆಂದು ಷರತ್ತು ಹಾಕಿತು. 2022ರ ಜುಲೈನಲ್ಲಿ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಜಿ.ಆರ್. ಸ್ವಾಮಿನಾಥನ್ ಅವರು ಕನ್ಯಾಕುಮಾರಿ ಜಿಲ್ಲೆಯ ಯುವತಿಯೊಬ್ಬಳಿಗೆ ಇದೇ ಅವಕಾಶ ಕೊಟ್ಟರು. ಅವಳೂ ಹುಡುಗನೂ ಮೊದಲೇ ಅರ್ಜಿ ಕೊಟ್ಟು ಕಾದಿದ್ದರು. ರಜೆ ಮುಗಿದು ಅವನು ಅಮೆರಿಕಕ್ಕೆ ಮರಳಿದ. ಅವನ ಅಧಿಕಾರಪತ್ರ ಹಿಡಿದು ಇಬ್ಬರ ಪರವಾಗಿ ಅವಳೇ ಸಹಿ ಮಾಡಬಹುದೆಂದು ಕೋರ್ಟು ಹೇಳಿತು. ಅಮೆರಿಕದ ಯೂಟಾ ಕೌಂಟಿಯಲ್ಲಾದರೆ 2020ರಿಂದ ಲೈಸನ್ಸೂ ಮದುವೆಯೂ ತೆರೆಯ ಮೇಲೇ ಮುಗಿಯುತ್ತವೆ. ನಮ್ಮಲ್ಲಿ ಅದು ಕೋರ್ಟಿನ ಬಾಗಿಲು ತಟ್ಟಿದವರಿಗೆ ಸಿಕ್ಕ ಪರಿಹಾರ. ಮೊಬೈಲಿಗೆ ಆ್ಯಪ್ ಹಾಕಿಕೊಂಡ ಮಾತ್ರಕ್ಕೆ ಸಿಗುವಂಥದಲ್ಲ.

ಮುಸ್ಲಿಂ ಕುಟುಂಬಗಳಲ್ಲಿ, ಮಗ ಗಲ್ಫ್ ದೇಶದಲ್ಲಿದ್ದರೆ ಅವನ ಪರ ಪ್ರತಿನಿಧಿಯೊಬ್ಬ ನಿಂತು ನಿಕಾಹ್ ಮಾಡಿಸುವ ರೂಢಿ ಮೊದಲಿಂದ ಇದೆ. ಪ್ರಸ್ತಾಪ, ಒಪ್ಪಿಗೆ ಒಂದೇ ಕೂಟದಲ್ಲಿ, ಸಾಕ್ಷಿಗಳ ಕಿವಿಗೆ ಬೀಳುವಂತೆ ಆಗಬೇಕು.

ಮತ್ತೆ ನೋಂದಣಿಯ ಮಾತಿಗೆ ಬಂದರೆ, ಸ್ವಾದರ ಮಾವನಿಗೆ ಹುಡುಗಿ ಕೊಡುವ ಪದ್ಧತಿ ನಮ್ಮಲ್ಲಿ ಉಂಟು. ಹಿಂದೂ ವಿವಾಹ ಕಾಯ್ದೆಯ 5ನೇ ಕಲಂ ಈ ಮಾವ ಸೊಸೆಯ ನಂಟನ್ನು ನಿಷೇಧಿಸುತ್ತದೆ, ಆದರೆ ಸಮುದಾಯದ ರೂಢಿ ಒಪ್ಪಿದ್ದರೆ ಬಿಡುತ್ತದೆ. ಅರ್ಜಿಯಲ್ಲಿ ಸಂಬಂಧ ಮುಚ್ಚಿಡುವುದು ಬೇಡ.

ನನ್ನನ್ನು ಹೆಚ್ಚು ಕಾಡುವುದು ವಯಸ್ಸಿನ ಮಾತು. ಹುಡುಗಿಗೆ 18, ಹುಡುಗನಿಗೆ 21. ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಗುಳೆ ಹೋಗುವವರು ಬೆಳೆದ ಮಗಳನ್ನು ಊರಲ್ಲಿ ಒಬ್ಬಳನ್ನೇ ಬಿಡಲಾರದೆ, ಹೋಗುವ ಮೊದಲು ಅಕ್ಕಿಕಾಳು ಹಾಕಿಬಿಡುತ್ತಾರೆ. ಅವರ ಭಯ ನನಗೆ ಅರ್ಥವಾಗುತ್ತದೆ. ಆದರೆ ದೇಶದ ಬಹುತೇಕ ಕಡೆ ಬಾಲ್ಯವಿವಾಹ ಕೋರ್ಟಿಗೆ ಹೋಗಿ ರದ್ದು ಮಾಡಿಸಬೇಕಾದದ್ದು, ಕರ್ನಾಟಕದಲ್ಲಿ ಬಾಲ್ಯವಿವಾಹ ನಿಷೇಧ ಕಾಯ್ದೆಗೆ ರಾಜ್ಯ ತಂದ ತಿದ್ದುಪಡಿಯ ನಂತರ ಅದು ಮೊದಲ ದಿನದಿಂದಲೇ ಅಸಿಂಧು. ಆ ಮದುವೆಗೆ ಪ್ರಮಾಣಪತ್ರವಿಲ್ಲ. ನಾಳೆ ಗಂಡ ಇನ್ನೊಬ್ಬಳನ್ನು ತಂದರೆ "ನಾನು ಹೆಂಡತಿ" ಎಂದು ತೋರಿಸಲು ಆ ಹುಡುಗಿಯ ಕೈಯಲ್ಲಿ ಏನೂ ಇರುವುದಿಲ್ಲ. ನೋಂದಣಿಯಾಗದ ಮಾತ್ರಕ್ಕೆ ಸರಿಯಾದ ಮದುವೆ ಕೆಡುವುದಿಲ್ಲ, ಹಿಂದೂ ವಿವಾಹ ಕಾಯ್ದೆಯ 8ನೇ ಕಲಂ ಹಾಗೇ ಹೇಳುತ್ತದೆ. ಆದರೂ 2006ರಲ್ಲಿ ಸುಪ್ರೀಂ ಕೋರ್ಟು ಎಲ್ಲ ಮದುವೆಗಳನ್ನೂ ನೋಂದಾಯಿಸಿ ಎಂದು ಹೇಳಿದ್ದು ಇಂಥ ಹೆಣ್ಣುಮಕ್ಕಳನ್ನು ನೆನೆದೇ. ಜೀವನಾಂಶ, ವಿಧವಾ ವೇತನ, ಗಂಡನ ಆಸ್ತಿಯ ಪಾಲು, ಯಾವುದು ಕೇಳಲು ಹೋದರೂ ಮೇಜಿನ ಆಚೆಯವರು ಮೊದಲು ಕೇಳುವುದು ಕಾಗದ.

ಆದ್ದರಿಂದ ಮಗಳ ಲಗ್ನ ಗೊತ್ತು ಮಾಡುವ ಮೊದಲು ಅವಳ ಶಾಲೆಯ ದಾಖಲೆ ತೆಗೆಯಿರಿ. ಆಧಾರ್‌ನಲ್ಲಿ ಹುಟ್ಟಿದ ತಾರೀಖು ಬೇರೆ ಇದ್ದರೆ ಆಗಲೇ ಸರಿಪಡಿಸಿ. ಹೆಸರಿನ ಅಕ್ಷರ, ಅಡ್ಡಹೆಸರು ಎರಡರಲ್ಲೂ ಒಂದೇ ಇರಲಿ. ಲಗ್ನಪತ್ರಿಕೆಯ ಒಂದು ಪ್ರತಿ, ತಾಳಿ ಕಟ್ಟುವಾಗಿನ ವಿಡಿಯೋ ಜೋಪಾನವಾಗಿರಲಿ. ಗಡಿಯಾಚೆ, ಮಹಾರಾಷ್ಟ್ರದ ಜತ್ತದ ಕಡೆ ಬೀಗತನ ಮಾಡಿದವರು ಮದುವೆ ಯಾವ ರಾಜ್ಯದಲ್ಲಿ ಆಯಿತೆಂಬುದನ್ನು ಸರಿಯಾಗಿ ಬರೆಯಿಸಿ. ಪ್ರಮಾಣಪತ್ರ ಬಂದ ಮೇಲೆ ಒಂದು ಪ್ರತಿ ಮಗಳ ಹತ್ತಿರವೇ ಇರಲಿ, ಗಂಡನ ಮನೆಯ ಟ್ರಂಕಿನಲ್ಲಿ ಮಾತ್ರ ಅಲ್ಲ. ಎಲ್ಲಾದರೂ ಸಣ್ಣ ಹುಡುಗಿಗೆ ಹಂದರ ಹಾಕಿದ್ದು ಕಂಡರೆ 1098ಕ್ಕೆ ಫೋನ್ ಮಾಡಿ, ಕರೆಗೆ ದುಡ್ಡಿಲ್ಲ.