ಅಮೀರ್ ಹಂಝಾ ದಾಸ್ತಾನಿನಲ್ಲಿ ಯಾರು ಯಾರ ಮಗ?

ಉರ್ದುವಿನ ‘ದಾಸ್ತಾನೆ ಅಮೀರ್ ಹಂಝಾ’ ಓದಲು ಕೂತವರಿಗೆ ನೂರು ಪುಟ ದಾಟುವಷ್ಟರಲ್ಲಿ ಹೆಸರುಗಳ ಲೆಕ್ಕ ತಪ್ಪುತ್ತದೆ. ಲಕ್ನೋದ ನವಲ್ ಕಿಶೋರ್ ಮುದ್ರಣಾಲಯ ಇದನ್ನು 46 ಸಂಪುಟಗಳಲ್ಲಿ ಅಚ್ಚು ಹಾಕಿತು. ಅವುಗಳಲ್ಲೇ ಹೆಚ್ಚು ಹೆಸರಾದ ‘ತಿಲಿಸ್ಮೆ ಹೋಶ್‌ರುಬಾ’ದ ಮೊದಲ ಸಂಪುಟ ಬಂದದ್ದು 1883ರಲ್ಲಿ. ಬಾದಶಹರು, ಪರಿಗಳು, ಜಾದೂಗಾರರು, ಅವರ ಮಕ್ಕಳು, ಮೊಮ್ಮಕ್ಕಳು! ವಂಶವೃಕ್ಷ ಬರೆದುಕೊಳ್ಳದೆ ಓದೋದು ಕಷ್ಟ. ಹೆಚ್ಚಿನವರು ಅದನ್ನು ಅರಮನೆಯಿಂದ ಶುರು ಮಾಡ್ತಾರೆ. ನೀವು ಮಂತ್ರಿಯ ಮನೆಯಿಂದ, ಒಂಟೆ ನಡೆಸುವವನ ಮನೆಯಿಂದ ಶುರು ಮಾಡಿ ನೋಡಿ.

ಮೊದಲೇ ಒಂದು ಮಾತು. ಪ್ರವಾದಿ ಮುಹಮ್ಮದ್(ಸ) ಅವರ ಚಿಕ್ಕಪ್ಪ, ಕ್ರಿ.ಶ. 625ರಲ್ಲಿ ಉಹುದ್ ಯುದ್ಧದಲ್ಲಿ ಶಹೀದರಾದ ಹಝ್ರತ್ ಹಂಝಾ(ರ) ಇತಿಹಾಸದವರು. ದಾಸ್ತಾನಿನ ಹಂಝಾ ಕಥೆಗಾರರ ಸೃಷ್ಟಿ. ಕಥೆಯಲ್ಲಿ ಇರಾನಿನ ನೌಶೇರವಾನ್ ಬಾದಶಹ ಅವನಿಗೆ ಮಾವ. ನಿಜವಾದ ನೌಶೇರವಾನ್ ತೀರಿಕೊಂಡದ್ದು 579ರಲ್ಲಿ. ಆಗ ಹಝ್ರತ್ ಹಂಝಾ ಇನ್ನೂ ಹುಡುಗ. ಈ ಗೆರೆ ಸ್ಪಷ್ಟವಿದ್ದರೆ ಸೀರತ್‌ನ ಗೌರವಕ್ಕೂ ಧಕ್ಕೆಯಿಲ್ಲ, ಕಥೆಯ ರುಚಿಗೂ ಧಕ್ಕೆಯಿಲ್ಲ.

ಈಗ ಮಂತ್ರಿಯ ಮನೆಗೆ ಬನ್ನಿ. ವಝೀರ ಅಲ್ಖಶ್‌ಗೆ ಬಖ್ತ್ ಜಮಾಲ್ ಎಂಬ ಗೆಳೆಯ. ಬಡವ. ಒಂದು ದಿನ ಪಾಳುಬಿದ್ದ ಜಾಗದಲ್ಲಿ ಅವನಿಗೆ ನಿಧಿ ಸಿಗುತ್ತದೆ. ಕಪಟ ಅರಿಯದೆ ಗೆಳೆಯನಿಗೆ ಹೇಳುತ್ತಾನೆ, ಆ ಗೆಳೆಯನೇ ಅವನನ್ನು ಕೊಲ್ಲುತ್ತಾನೆ. ಬಖ್ತ್ ಜಮಾಲ್ ಕಥೆಯಲ್ಲಿ ಇರುವುದು ಇಷ್ಟೇ ಹೊತ್ತು. ಆದರೆ ಅವನ ಮಗ ಬುಝುರ್ಜ್‌ಮೆಹರ್ ದೊಡ್ಡವನಾಗಿ ಕೊಲೆಯನ್ನು ಬಯಲಿಗೆಳೆದು ತಾನೇ ವಝೀರನಾಗುತ್ತಾನೆ. ಅಲ್ಖಶ್ ತಲೆ ಕಳೆದುಕೊಂಡರೂ ಅವನ ಮೊಮ್ಮಗ ಬಖ್ತಕ್ ಅದೇ ದರಬಾರಿಗೆ ಬಂದು ಕೂರುತ್ತಾನೆ. ಒಬ್ಬ ವಝೀರ ಹಂಝಾನ ಹಿತೈಷಿ, ಇನ್ನೊಬ್ಬ ಕಡುವೈರಿ. ನಡುವೆ ನೌಶೇರವಾನ್ ಕಿವಿ ಊದಿದವರ ಕಡೆಗೆಲ್ಲ ವಾಲುತ್ತಾನೆ. ಬಖ್ತಕನ ಮಗ ಬಖ್ತಿಯಾರಕ್ ಮುಂದೆ, ತಾನೇ ದೇವರು ಅನ್ನುವ ಲಖಾನ ಆಸ್ಥಾನ ಸೇರುತ್ತಾನೆ. ಅಲ್ಲಿ ಅವನ ಹುದ್ದೆಯ ಹೆಸರೇ ‘ಶೈತಾನ’! ಯುದ್ಧಗಳಿಗೆ ಬಾದಶಹರ ಹೆಸರಿದ್ದರೂ ಬೆಂಕಿ ಹತ್ತಿದ್ದು ಆ ನಿಧಿಯ ಹತ್ತಿರ.

ಬುಝುರ್ಜ್‌ಮೆಹರ್ ಮಕ್ಕಾಕ್ಕೆ ಬಂದು, ಇಂಥ ದಿನ ಗಂಡುಮಗು ಹುಟ್ಟಿದ ಮನೆಗೆಲ್ಲ ಚಿನ್ನ ಕೊಡುವುದಾಗಿ ಸಾರುತ್ತಾನೆ. ಸರದಾರನ ಮನೆಯಲ್ಲಿ ಹಂಝಾ, ಗುಲಾಮನ ಮನೆಯಲ್ಲಿ ಮುಖ್ಬಿಲ್ ಹುಟ್ಟುತ್ತಾರೆ. ಒಂಟೆ ನಡೆಸುವ ಉಮಯ್ಯನ ಹೆಂಡತಿಗೆ ಆಗಿನ್ನೂ ಏಳು ತಿಂಗಳು. ಚಿನ್ನದಾಸೆಗೆ ಅವನು ಅವಳನ್ನು ಒದೆಯುತ್ತಾನೆ. ಮಗು ಬದುಕುತ್ತದೆ, ತಾಯಿ ಸಾಯುತ್ತಾಳೆ. ಆ ಮಗುವೇ ಅಮರ್ ಅಯ್ಯಾರ್. ಬುಝುರ್ಜ್‌ಮೆಹರ್ ಎತ್ತಿಕೊಂಡ ಕೂಡಲೇ ಅವರ ಬೆರಳಿನ ಉಂಗುರ ಕದ್ದು ಬಾಯಲ್ಲಿಟ್ಟುಕೊಂಡ ಶಿಶು! ನಗು ಬರುತ್ತದೆ, ನಿಜ. ಆದರೆ ಮುಂದೆ ಅಮರ್ ಪ್ರತಿ ಕೆಲಸಕ್ಕೂ ದುಡ್ಡು ಕೇಳುವಾಗ, ಅವನ ಜಂಬೀಲ್ ಚೀಲ ತುಂಬುವುದೇ ಇಲ್ಲ ಅನ್ನಿಸುವಾಗ, ಆ ತಾಯಿ ನೆನಪಿರಲಿ.

ರಾಜವಂಶದಲ್ಲಿ ಗಮನಿಸಬೇಕಾದದ್ದು: ಇಷ್ಟೆಲ್ಲ ಗೆದ್ದ ಹಂಝಾ ಸ್ವತಃ ಬಾದಶಹನಲ್ಲ, ಅವನು ಸಾಹಿಬ್‌ಖಿರಾನ್. ಸಿಂಹಾಸನ ಮೆಹರ್ ನಿಗಾರಳ ಮಗ ಖುಬಾದ್‌ಗೆ, ಅವನು ಎಳೆವಯಸ್ಸಲ್ಲೇ ಸತ್ತ ಮೇಲೆ ಅವನ ಮಗ ಸಅದ್‌ಗೆ. ಖುಬಾದ್ ಅನ್ನೋದು ನೌಶೇರವಾನನ ತಂದೆಯ ಹೆಸರು, ಅಂದರೆ ತಾಯಿಯ ಅಜ್ಜನದು. ನನ್ನ ಓದಿನ ಪ್ರಕಾರ ಸಿಂಹಾಸನದ ಹಕ್ಕು ಬಂದದ್ದು ತಾಯಿಯ ಕಡೆಯಿಂದಲೇ. ಉಳಿದ ಗಂಡುಮಕ್ಕಳಲ್ಲೂ ಯೂನಾನಿ, ರೂಮಿ ಅಂತ ತಾಯಿಯ ನಾಡೇ ಗುರುತು. ಖಾಫ್‌ನ ಆಸ್ಮಾನ್ ಪರಿಯ ಮಗಳು ಖುರೈಶಿಯಾ ಕೂಡ ಹಂಝಾನ ಸಂತಾನವೇ. ಹೋಶ್‌ರುಬಾದ ಮಾಯೆ ಮುರಿಯಲು ಹೋಗುವ ಅಸದ್ ಅಂತೂ ಹಂಝಾನ ಮಗಳ ಮಗ. ಸಂಬಂಧ ಮಾತಾಡಲು ಬಂದವರು ‘ಯಾವ ಖಾಂದಾನ್’ ಅಂತ ಕೇಳುವಾಗ ನಮ್ಮಲ್ಲಿ ತಂದೆಯ ಕಡೆಯೇ ಮೊದಲು ಬರುತ್ತದೆ, ಅಲ್ವಾ? ದಾಸ್ತಾನ್‌ಗೋಗಳ ಲೆಕ್ಕ ಬೇರೆ ಇತ್ತು.

ಅಸದ್ ಒಬ್ಬನಿಂದಲೇ ಏನೂ ಆಗುವುದಿಲ್ಲ. ಅವನು ಸೆರೆಯಾದಾಗ ಅಮರ್, ಖಿರಾನ್ ಹಬ್ಶಿ, ಬರ್ಖ್ ಫಿರಂಗಿ ಮುಂತಾದ ಅಯ್ಯಾರರು ವೇಷ ಮರೆಸಿ ಅಫ್ರಾಸಿಯಾಬನ ಜಾದೂಗಾರರನ್ನು ಮಣ್ಣುಮುಕ್ಕಿಸುತ್ತಾರೆ. ಒಬ್ಬ ಹಬ್ಶಿ, ಒಬ್ಬ ಫಿರಂಗಿ. ಎದುರು ಪಕ್ಷದಲ್ಲಿ ಸರ್‌ಸರ್ ಮತ್ತವಳ ಗೆಳತಿಯರು, ಇವರಿಗೆ ಸರಿಸಾಟಿಯಾದ ಹೆಣ್ಣು ಅಯ್ಯಾರರು. ರಾಣಿ ಹೈರತ್‌ಳ ತಂಗಿ ಬಹಾರ್ ಮನೆತನ ಬಿಟ್ಟು ಅಸದ್‌ನ ಪಾಳೆಯಕ್ಕೆ ಬರುತ್ತಾಳೆ. ರಕ್ತಸಂಬಂಧ ಹಾಗೇ ಉಳಿದರೂ ಪಕ್ಷ ಬದಲಾಗುತ್ತದೆ.

ವಿದ್ಯಾರ್ಥಿಗಳು 46 ಸಂಪುಟ ನೋಡಿ ಹೆದರಬೇಕಿಲ್ಲ. 1855ರಲ್ಲಿ ಗಾಲಿಬ್ ಲಖ್ನವಿ ಬರೆದು, 1871ರಲ್ಲಿ ಅಬ್ದುಲ್ಲಾ ಬಿಲ್‌ಗ್ರಾಮಿ ತಿದ್ದಿ ಹಿಗ್ಗಿಸಿದ ಒಂದೇ ಸಂಪುಟದ ರೂಪವಿದೆ. ಉರ್ದು ಬಾರದವರಿಗೆ ಮುಶರ್ರಫ್ ಅಲಿ ಫಾರೂಖಿಯವರ 2007ರ ಇಂಗ್ಲಿಷ್ ಅನುವಾದವಿದೆ. ಬಖ್ತ್ ಜಮಾಲ್ ಶುರುವಿನಲ್ಲೇ ಸಿಗುತ್ತಾನೆ.